ಹಸುವಿನ ಹಗ್ಗ: ಯಾವ ಗಂಟು ಎಲ್ಲಿ ಹಾಕಬೇಕು?



ಹಸಿರು ಮೇವು, ಪಶು ಆಹಾರ, ಖನಿಜ ಮಿಶ್ರಣ, ಜಂತುನಾಶಕ, ಲಸಿಕೆ, ಕೆಚ್ಚಲು ಬಾವು ಇವುಗಳ ಬಗ್ಗೆ ನಮ್ಮ ವಾರ್ತಾಪತ್ರದಲ್ಲಿ ಎಷ್ಟೋ ಸಲ ಓದಿದ್ದೀರಿ. ಈ ಸಲ ದಿನಕ್ಕೆ ಹತ್ತಾರು ಬಾರಿ ನಿಮ್ಮ ಕೈಗೆ ಬಂದು ಹೋಗುವ, ಆದರೆ ಯಾರೂ ಅಷ್ಟಾಗಿ ಮಾತನಾಡದ ಒಂದು ವಸ್ತುವಿನ ಬಗ್ಗೆ ಬರೆಯುತ್ತಿದ್ದೇನೆ. ಅದು ಹಗ್ಗ. ಹಗ್ಗಕ್ಕಿಂತ ಮುಖ್ಯವಾಗಿ, ಅದಕ್ಕೆ ನೀವು ಹಾಕುವ ಗಂಟು.

"ಡಾಕ್ಟ್ರೇ, ರಾತ್ರಿ ಚೆನ್ನಾಗೇ ಮೇವು ತಿಂದಿತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ನಾಲಿಗೆ ಹೊರಗೆ ಹಾಕಿಕೊಂಡು ಬಿದ್ದಿತ್ತು" ಎಂದು ಕರೆ ಬಂದರೆ, ಹಾವು ಕಚ್ಚಿತೋ, ವಿಷದ ಮೇವು ತಿಂದಿತೋ ಎಂದು ಮನೆಯವರು ಯೋಚಿಸುತ್ತಿರುತ್ತಾರೆ. ಹೋಗಿ ಕೊರಳು ನೋಡಿದರೆ ಬಿಗಿದ ಹಗ್ಗದ ಗುರುತು. ಹಸು ಜಾರಿ ಬಿದ್ದಿದೆ, ಕೊರಳಿನ ಕುಣಿಕೆ ಬಿಗಿದಿದೆ, ಮೇಲೇಳಲು ಒದ್ದಾಡಿದಷ್ಟೂ ಇನ್ನಷ್ಟು ಬಿಗಿದಿದೆ. ಔಷಧಿ ಕೊಡುವ ಸಮಯವೇ ಸಿಗುವುದಿಲ್ಲ. ಸಾಲ ಮಾಡಿ ತಂದ ಹಸು, ಹದಿನೈದು ದಿನಕ್ಕೊಮ್ಮೆ ಬಟವಾಡೆ ತರುತ್ತಿದ್ದ ಹಸು, ಒಂದು ತಪ್ಪು ಗಂಟಿಗೆ ಹೋಗಿಬಿಡುತ್ತದೆ.

ಇದನ್ನು ತಪ್ಪಿಸಲು ದುಡ್ಡು ಬೇಕಿಲ್ಲ. ಎರಡು ಗಂಟು ಕಲಿತರೆ ಸಾಕು. ಓದುವಾಗ ಪಕ್ಕದಲ್ಲಿ ಎರಡು ಮಾರು ಹಗ್ಗ ಇಟ್ಟುಕೊಳ್ಳಿ. ಓದಿದ್ದನ್ನು ಅಲ್ಲೇ ಮಾಡಿ ನೋಡಿದರೆ ಕೈ ಮರೆಯುವುದಿಲ್ಲ.

ಮೊದಲು ಹಗ್ಗ ನೋಡಿ

ತೆಂಗಿನ ನಾರು, ಸೆಣಬು, ಕತ್ತಾಳೆ ನಾರಿನ ಹಗ್ಗಗಳಿಗೆ ಗಂಟು ಚೆನ್ನಾಗಿ ಹಿಡಿಯುತ್ತದೆ, ಜಾರುವುದಿಲ್ಲ. ಆದರೆ ಗಂಜಳ, ನೀರು ತಾಗಿ ಬೇಗ ಕೊಳೆಯುತ್ತದೆ. ಒದ್ದೆಯಾದಾಗ ಉಬ್ಬಿ ಗಂಟು ಕಲ್ಲಿನಂತಾಗುತ್ತದೆ. ತೆಂಗಿನ ನಾರು ಒರಟಾದ್ದರಿಂದ ಸೀಮೆಹಸುವಿನ ತೆಳು ಚರ್ಮವನ್ನು ಉಜ್ಜಿ ಗಾಯ ಮಾಡುತ್ತದೆ.

ನೈಲಾನ್ ಹಗ್ಗ ಗಟ್ಟಿ, ಕೊಳೆಯುವುದಿಲ್ಲ. ಆದರೆ ನುಣುಪಾಗಿರುವುದರಿಂದ ಗಂಟು ತಾನಾಗಿ ಸಡಿಲವಾಗಬಹುದು. ತೆಳು ನೈಲಾನ್ ಹಗ್ಗ ಚರ್ಮವನ್ನು ದಾರ ಕೊಯ್ದಂತೆ ಕೊಯ್ಯುತ್ತದೆ. ಅಂಗಡಿಯಲ್ಲಿ ಸಿಗುವ ನೀಲಿ, ಹಳದಿ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಒಣಗಿ ಪುಡಿಪುಡಿಯಾಗುತ್ತದೆ. ಉಜ್ಜಿದಾಗ ಕೈಗೆ ಪುಡಿ ಬಂದರೆ ಆ ಹಗ್ಗದ ಆಯಸ್ಸು ಮುಗಿಯಿತು ಎಂದೇ ತಿಳಿಯಿರಿ.

ಕೊರಳಿಗೆ ಹತ್ತಿಯ ನೂಲಿನ ದಪ್ಪ ಹಗ್ಗ ಅಥವಾ ಅಗಲವಾದ ಪಟ್ಟಿ ಒಳ್ಳೆಯದು. ಹಗ್ಗವಾದರೆ ನಿಮ್ಮ ಹೆಬ್ಬೆರಳಿನಷ್ಟಾದರೂ ದಪ್ಪ ಇರಲಿ. ಸರಪಳಿ ಬಳಸುವವರು ಅದನ್ನು ನೇರವಾಗಿ ಕೊರಳಿಗೆ ಹಾಕದೆ, ಕೊರಳಿಗೆ ಪಟ್ಟಿ ಹಾಕಿ ಅದಕ್ಕೆ ಸರಪಳಿ ಸೇರಿಸಿ. ಕಬ್ಬಿಣದ ಕಂಬಕ್ಕೆ ಸರಪಳಿಯಲ್ಲಿ ಕಟ್ಟಿದ ಕೊಟ್ಟಿಗೆಯಲ್ಲಿ ವೈರ್ ಹಾಳಾಗಿದ್ದರೆ ಕರೆಂಟ್ ನೇರವಾಗಿ ಹಸುವಿಗೆ ಹೋಗುತ್ತದೆ ಎಂಬುದನ್ನೂ ಮರೆಯಬೇಡಿ.

ಇನ್ನೊಂದು ಮಾತು. ಹಗ್ಗಕ್ಕೆ ಗಂಟು ಹಾಕಿದ ಕಡೆ ಅದರ ಬಲ ಕಡಿಮೆಯಾಗುತ್ತದೆ. ಯಾವ ಗಂಟು ಎಂಬುದರ ಮೇಲೆ, ಸುಮಾರು ಮೂರನೇ ಒಂದು ಭಾಗದಿಂದ ಅರ್ಧದವರೆಗೂ ಕಡಿಮೆಯಾಗಬಹುದು. ಕಿತ್ತುಹೋದ ಹಗ್ಗಕ್ಕೆ ಗಂಟಿನ ಮೇಲೆ ಗಂಟು ಹಾಕಿ ಜೋಡಿಸಿಕೊಂಡು ಹೋಗುವುದು ಉಳಿತಾಯವಲ್ಲ.

ಕೊರಳಿಗೆ ಜೀರುಕುಣಿಕೆ ಬೇಡ

ಎಳೆದಷ್ಟೂ ಬಿಗಿಯುತ್ತಾ ಹೋಗುವ ಕುಣಿಕೆಗೆ ಜೀರುಕುಣಿಕೆ ಎನ್ನುತ್ತೇವೆ. ಹಾಕುವುದು ಸುಲಭ. ಹಸು ತಪ್ಪಿಸಿಕೊಳ್ಳುವುದಿಲ್ಲ ಎಂಬ ನಂಬಿಕೆಯೂ ಇದೆ. ಹಿಂದೆ ಕೊಂಬಿಗೆ ಹಗ್ಗ ಹಾಕುತ್ತಿದ್ದ ಕಾಲದಲ್ಲಿ ಅದರಿಂದ ಅಷ್ಟು ತೊಂದರೆ ಆಗುತ್ತಿರಲಿಲ್ಲ. ಈಗ ಹೆಚ್ಚಿನ ಸೀಮೆಹಸುಗಳಿಗೆ ಕರುವಿದ್ದಾಗಲೇ ಕೊಂಬು ಸುಡಿಸಿರುತ್ತೇವೆ, ಹಗ್ಗ ಕೊರಳಿಗೇ ಬರುತ್ತದೆ. ಕೊರಳಿನಲ್ಲಿ ಶ್ವಾಸನಾಳವಿದೆ, ತಲೆಯಿಂದ ರಕ್ತ ಹಿಂತಿರುಗುವ ದೊಡ್ಡ ರಕ್ತನಾಳಗಳಿವೆ. 400-500 ಕಿಲೋ ತೂಗುವ ಹಸು ಜಾರಿ ಬಿದ್ದರೆ ಆ ತೂಕವೆಲ್ಲ ಕುಣಿಕೆಯ ಮೇಲೆ ಬೀಳುತ್ತದೆ. ಕೆಲವೇ ನಿಮಿಷದಲ್ಲಿ ಎಲ್ಲ ಮುಗಿದುಹೋಗಬಹುದು.

ಆದ್ದರಿಂದ ಕೊರಳಿಗೆ ಯಾವಾಗಲೂ ಎಷ್ಟು ಎಳೆದರೂ ಅಳತೆ ಬದಲಾಗದ ಕುಣಿಕೆ ಹಾಕಬೇಕು. ಇದನ್ನು 'ನಿಲ್ಲುವ ಕುಣಿಕೆ' ಎಂದು ಕರೆಯೋಣ. ತರಬೇತಿಯಲ್ಲಿ ನಾವು ಇದಕ್ಕೆ ಬೋಲೈನ್ ಗಂಟು ಎನ್ನುತ್ತೇವೆ.

ಹಾಕುವ ಕ್ರಮ:

1. ಹಗ್ಗದ ತುದಿಯಿಂದ, ಹಸುವಿನ ಕೊರಳಿನ ಸುತ್ತಳತೆಗಿಂತ ಒಂದು ಮೊಳ ಹೆಚ್ಚು ಬಿಟ್ಟು ಎಡಗೈಯಲ್ಲಿ ಹಿಡಿದುಕೊಳ್ಳಿ.

2. ಹಿಡಿದ ಜಾಗದಲ್ಲಿ ಬಳೆಯಷ್ಟು ಅಗಲದ ಸಣ್ಣ ಸುತ್ತು ಮಾಡಿ. ತುದಿಯ ಕಡೆಯ ಹಗ್ಗ, ಉದ್ದದ ಹಗ್ಗದ ಮೇಲೆ ಬರಬೇಕು. ಈ ಸಣ್ಣ ಸುತ್ತೇ ಹುತ್ತ. ಅದರಿಂದ ಮುಂದಕ್ಕೆ ಹೋಗುವ ಉದ್ದದ ಹಗ್ಗ ಮರ. ನಿಮ್ಮ ಬಲಗೈಯಲ್ಲಿರುವ ತುದಿ ಹಾವು.

3. ತುದಿಯನ್ನು ಹಸುವಿನ ಕೊರಳು ಬಳಸಿ ತನ್ನಿ.

4. ಹಾವು ಹುತ್ತದ ಕೆಳಗಿನಿಂದ ಮೇಲೆ ಬರುತ್ತದೆ, ಮರದ ಹಿಂದಿನಿಂದ ಸುತ್ತುತ್ತದೆ, ಮತ್ತೆ ಅದೇ ಹುತ್ತಕ್ಕೆ ಮೇಲಿನಿಂದ ಇಳಿಯುತ್ತದೆ.

5. ಒಂದು ಕೈಯಲ್ಲಿ ಉದ್ದದ ಹಗ್ಗ, ಇನ್ನೊಂದರಲ್ಲಿ ಇಳಿದ ತುದಿ ಮತ್ತು ಅದರ ಪಕ್ಕದ ಎಳೆ ಎರಡನ್ನೂ ಹಿಡಿದು ಬಿಗಿಯಿರಿ.

6. ತುದಿ ಒಂದು ಗೇಣಾದರೂ ಉಳಿದಿರಲಿ. ನೈಲಾನ್ ಹಗ್ಗವಾದರೆ ಆ ತುದಿಯನ್ನು ಪಕ್ಕದ ಎಳೆಗೆ ಸುತ್ತಿ ಒಂದು ಸಾದಾ ಗಂಟು ಹಾಕಿ. ಇಲ್ಲದಿದ್ದರೆ ಹಸು ಕೊರಳು ಆಡಿಸುತ್ತಾ ಸಡಿಲ ಮಾಡಿಕೊಳ್ಳುತ್ತದೆ.

ಈಗ ಪರೀಕ್ಷೆ. ಕೊರಳಿಗೆ ಹಾಕುವ ಮೊದಲು ನಿಮ್ಮ ಮೊಣಕಾಲಿಗೆ ಹಾಕಿಕೊಂಡು ಉದ್ದದ ಹಗ್ಗವನ್ನು ಜೋರಾಗಿ ಎಳೆಯಿರಿ. ಕುಣಿಕೆ ಚಿಕ್ಕದಾದರೆ ಗಂಟು ತಪ್ಪಿದೆ. ಹಾಗೇ ನಿಂತರೆ ಸರಿಯಾಗಿದೆ. ಎಷ್ಟೇ ಎಳೆತ ಬಿದ್ದಿದ್ದರೂ, ಹಗ್ಗ ಸಡಿಲ ಬಿಟ್ಟ ಮೇಲೆ ಈ ಗಂಟನ್ನು ಬೆರಳಿನಿಂದ ಹಿಂದಕ್ಕೆ ದೂಡಿ ಬಿಚ್ಚಬಹುದು.

ಹಸುವಿನ ಕೊರಳು ಮತ್ತು ಹಗ್ಗದ ನಡುವೆ ನಿಮ್ಮ ನಾಲ್ಕು ಬೆರಳು ಸಲೀಸಾಗಿ ಹೋಗಬೇಕು. ಅದಕ್ಕಿಂತ ತೀರಾ ಸಡಿಲ ಬಿಟ್ಟರೂ ತೊಂದರೆಯೇ. ಮೈ ನೆಕ್ಕುವಾಗ ಕೆಳದವಡೆ, ಕೊರಳು ಕೆರೆದುಕೊಳ್ಳುವಾಗ ಹಿಂಗಾಲಿನ ಗೊರಸು ಕುಣಿಕೆಯೊಳಗೆ ಸಿಕ್ಕಿಕೊಳ್ಳುತ್ತದೆ.

ಗೂಟಕ್ಕೆ: ಎಳೆದರೆ ಬಿಚ್ಚುವ ಗಂಟು

ಕೊರಳಿನ ಗಂಟು ನಿಲ್ಲಬೇಕು, ಗೂಟದ ಗಂಟು ತಕ್ಷಣ ಬಿಚ್ಚಬೇಕು. ಇವೆರಡನ್ನು ಅದಲುಬದಲು ಮಾಡಬಾರದು.

ಕೊಟ್ಟಿಗೆಗೆ ಬೆಂಕಿ ಬಿದ್ದಾಗ, ಮಳೆಯಲ್ಲಿ ಗೋಡೆ ಕುಸಿದಾಗ, ಹಸು ಗೊಂತಿನ ಮೇಲೆ ಹಾರಿ ನೇತುಬಿದ್ದಾಗ ನಿಮ್ಮ ಕೈಯಲ್ಲಿ ಇರುವುದು ಕೆಲವೇ ಕ್ಷಣ. ಎಷ್ಟೋ ಮನೆಗಳಲ್ಲಿ ರಾತ್ರಿ ಹಸು ಕಟ್ಟುವವರು ಗಂಡಸರು, ಬೆಳಗಿನ ಜಾವ ಬಿಚ್ಚುವವರು ನೀವು. ಅವರು ಬಲ ಹಾಕಿ ಬಿಗಿದ ಬ್ರಹ್ಮಗಂಟನ್ನು ನೀವು ಹಲ್ಲಿನಿಂದ ಕಚ್ಚಿ ಬಿಚ್ಚುತ್ತೀರಿ. ದಿನನಿತ್ಯ ಇದೊಂದು ಕಿರಿಕಿರಿ ಅಷ್ಟೇ. ಬೆಂಕಿ ಬಿದ್ದ ದಿನ ಅದು ಹಸುವಿನ ಪ್ರಾಣ. ಎಳೆತ ಬಿದ್ದಿರುವಾಗ ಸಾದಾ ಗಂಟನ್ನು ಎಂಥ ಬಲಶಾಲಿಯೂ ಬಿಚ್ಚಲಾರ.

ಹಾಕುವ ಕ್ರಮ:

1. ಹಗ್ಗದ ತುದಿಯನ್ನು ಗೂಟ ಅಥವಾ ಬಳೆಯ ಹಿಂದಿನಿಂದ ತಂದು ಮುಂದಕ್ಕೆ ಎಳೆದುಕೊಳ್ಳಿ. ನೈಲಾನ್ ಆದರೆ ಗೂಟಕ್ಕೆ ಎರಡು ಸುತ್ತು ಹಾಕಿ. ಈಗ ನಿಮ್ಮ ಮುಂದೆ ಎರಡು ಎಳೆ ಇವೆ: ಒಂದು ಹಸುವಿನ ಕಡೆ ಹೋಗುವುದು, ಇನ್ನೊಂದು ನಿಮ್ಮ ಕೈಯಲ್ಲಿರುವ ಬಾಲ.

2. ಬಾಲದ ಎಳೆಯಲ್ಲಿ ಒಂದು ದುಂಡು ಸುತ್ತು ಮಾಡಿ ಅದನ್ನು ಹಸುವಿನ ಕಡೆಯ ಎಳೆಯ ಮೇಲೆ ಇಡಿ. ಉಳಿದ ಬಾಲ ಆ ಎಳೆಯ ಅಡಿಗೆ ಬರಲಿ.

3. ಬಾಲದ ತುದಿಯನ್ನು ತೂರಿಸಬೇಡಿ. ಬಾಲದ ನಡುಭಾಗವನ್ನು ಕಿವಿಯ ಹಾಗೆ ಮಡಿಸಿ, ಹಸುವಿನ ಎಳೆಯ ಅಡಿಯಿಂದ ತಂದು, ದುಂಡು ಸುತ್ತಿನೊಳಗಿಂದ ಮೇಲಕ್ಕೆ ತೆಗೆಯಿರಿ.

4. ಆ ಕಿವಿಯನ್ನು ಹಿಡಿದು ಬಿಗಿಯಿರಿ. ಗಂಟನ್ನು ಗೂಟದ ಹತ್ತಿರಕ್ಕೆ ಜಾರಿಸಿ.

ಹಸು ಎಷ್ಟು ಎಳೆದರೂ ಗಂಟು ಬಿಡುವುದಿಲ್ಲ. ನೀವು ಜೋತಾಡುವ ಬಾಲವನ್ನು ಒಮ್ಮೆ ಎಳೆದರೆ ಸರ್ರನೆ ಬಿಚ್ಚಿಕೊಳ್ಳುತ್ತದೆ. ಲಂಗದ ಲಾಡಿ ಕಟ್ಟಿ ಅಭ್ಯಾಸವಿರುವ ಕೈಗೆ ಇದೇನೂ ಹೊಸದಲ್ಲ, ಅದೇ ಲೆಕ್ಕ. ಕೆಲವು ಜಾಣ ಹಸುಗಳು ಬಾಲವನ್ನು ಬಾಯಲ್ಲಿ ಎಳೆದು ತಾವೇ ಬಿಚ್ಚಿಕೊಳ್ಳುವುದುಂಟು. ಅಂಥವಕ್ಕೆ ಬಾಲವನ್ನು ಗೊಂತಿನ ಆಚೆ ಬದಿಗೆ, ಬಾಯಿಗೆ ಎಟುಕದಂತೆ ಬಿಡಿ.

ಕಲಿತ ಮೇಲೆ ಒಂದು ಕೆಲಸ ಮಾಡಿ. ಕಣ್ಣು ಮುಚ್ಚಿಕೊಂಡು ಬಿಚ್ಚಿ ನೋಡಿ. ಅತ್ತೆಯವರಿಗೆ, ಶಾಲೆಗೆ ಹೋಗುವ ಮಕ್ಕಳಿಗೆ ಎಲ್ಲಿ ಎಳೆಯಬೇಕು ಎಂದು ತೋರಿಸಿಕೊಡಿ. ನೀವು ಡೇರಿಗೆ ಹಾಲು ಹಾಕಲು ಹೋದಾಗ ಮನೆಯಲ್ಲಿರುವವರು ಅವರೇ. ಜೊತೆಗೆ ಕೊಟ್ಟಿಗೆ ಬಾಗಿಲಿನ ಹೊರಗೆ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಹರಿತವಾದ ಒಂದು ಕುಡುಗೋಲು ಸದಾ ತೂಗುಹಾಕಿರಿ. ಗಂಟು ಬಿಚ್ಚದಿದ್ದರೆ ಕೊಯ್ದುಬಿಡಲು. ಹಗ್ಗ ಹೋದರೆ ಇನ್ನೊಂದು ತರಬಹುದು.

ಹಗ್ಗ ಎಷ್ಟು ಉದ್ದ ಇರಬೇಕು?

ಹಸು ಏಳುವುದನ್ನು ಒಮ್ಮೆ ಗಮನಿಸಿ. ಮೊದಲು ತಲೆಯನ್ನು ಮುಂದಕ್ಕೆ ಜೋರಾಗಿ ಚಾಚುತ್ತದೆ, ಆ ಬಲದಲ್ಲಿ ಹಿಂಭಾಗ ಎತ್ತುತ್ತದೆ, ಆಮೇಲೆ ಮುಂಗಾಲು ಊರುತ್ತದೆ. ಹಗ್ಗ ಗಿಡ್ಡವಾದರೆ ತಲೆ ಚಾಚಲು ಆಗದೆ ಏಳಲು ಹೆಣಗುತ್ತದೆ. ಮೊಣಕಾಲು ಸುಲಿಯುತ್ತದೆ, ತಾನೇ ತನ್ನ ಮೊಲೆತೊಟ್ಟು ತುಳಿದುಕೊಳ್ಳುತ್ತದೆ. ಕೊನೆಗೆ ಮಲಗುವುದನ್ನೇ ಕಡಿಮೆ ಮಾಡುತ್ತದೆ. ಮಲಗಿ ಮೆಲುಕು ಹಾಕದ ಹಸು ಹಾಲೂ ಕಡಿಮೆ ಕೊಡುತ್ತದೆ.

ಹಗ್ಗ ತೀರಾ ಉದ್ದವಾದರೆ ಮುಂಗಾಲು ಹಗ್ಗ ದಾಟಿ ಸಿಕ್ಕಿಹಾಕಿಕೊಳ್ಳುತ್ತದೆ. ಅಳತೆ ಹೀಗೆ ನೋಡಿ: ಹಸು ಮಲಗಿದಾಗ ಗಲ್ಲ ನೆಲಕ್ಕೆ ತಾಗಬೇಕು, ಆಗಲೂ ಹಗ್ಗ ಸಡಿಲವಾಗಿರಬೇಕು. ನಿಂತಾಗ ಜೋತುಬಿದ್ದ ಹಗ್ಗ ನೆಲದ ಮೇಲೆ ಬಿದ್ದಿರಬಾರದು. ಈ ಎರಡರ ನಡುವೆ ನಿಮ್ಮ ಹಸುವಿನ ಅಳತೆ ಸಿಗುತ್ತದೆ. ಜಾಗವಿದ್ದವರು ಹಗಲು ಹೊತ್ತಿನಲ್ಲಾದರೂ ಬೇಲಿ ಹಾಕಿದ ಅಂಗಳದಲ್ಲಿ ಹಸುಗಳನ್ನು ಬಿಚ್ಚಿ ಬಿಡಿ. ಹಗ್ಗವೇ ಇಲ್ಲದ ಹೊತ್ತು ಹಸುವಿಗೆ ಎಲ್ಲಕ್ಕಿಂತ ಸುಖ.

ಹೊಲದಲ್ಲಿ ಮೇಯಲು ಕಟ್ಟುವಾಗ ಹಳ್ಳದ ಅಂಚು, ಬಾವಿ, ಇಳಿಜಾರಿನ ಬದು ಬಿಟ್ಟು ದೂರ ಕಟ್ಟಿ. ವಿದ್ಯುತ್ ಕಂಬಕ್ಕಾಗಲಿ, ಅದನ್ನು ಎಳೆದು ನಿಲ್ಲಿಸಿದ ತಂತಿಗಾಗಲಿ ಎಂದೂ ಕಟ್ಟಬೇಡಿ. ಗುಡುಗು-ಸಿಡಿಲಿನ ಮೋಡ ಕಂಡರೆ ಒಂಟಿ ಮರದ ಕೆಳಗಿನಿಂದ ಮೊದಲು ಬಿಚ್ಚಿ ತನ್ನಿ.

ಪಡ್ಡೆ ಬೆಳೆಯುತ್ತದೆ, ಹಗ್ಗ ಬೆಳೆಯುವುದಿಲ್ಲ

ಹಾಲು ಕೊಡುವ ಹಸುವಿನ ಮೇಲೆ ದಿನಕ್ಕೆ ಎರಡು ಸಲ ಕೈಯಾಡಿಸುತ್ತೀರಿ. ಕೊಟ್ಟಿಗೆಯ ಮೂಲೆಯಲ್ಲಿರುವ ಪಡ್ಡೆ ಕರುವಿನ ಕೊರಳನ್ನು ತಿಂಗಳುಗಟ್ಟಲೆ ಯಾರೂ ಮುಟ್ಟುವುದಿಲ್ಲ. ಆರು ತಿಂಗಳಿನಲ್ಲಿ ಹಾಕಿದ ಕುಣಿಕೆ ಒಂದು ವರ್ಷಕ್ಕೆ ಚರ್ಮದೊಳಗೇ ಹೂತುಹೋಗಿರುತ್ತದೆ. ಮೇಲೆ ಕೂದಲು ಮುಚ್ಚಿಕೊಂಡು ಕಾಣುವುದಿಲ್ಲ. ವಾಸನೆ ಬಂದಾಗ, ನೊಣ ಮುತ್ತಿದಾಗ ನೋಡಿದರೆ ಹುಳು ಬಿದ್ದಿರುತ್ತದೆ. ಇಂಥ ಹಗ್ಗವನ್ನು ಮನೆಯಲ್ಲಿ ಕಿತ್ತು ತೆಗೆಯಲು ಹೋಗಬೇಡಿ. ಒಳಗೆ ರಕ್ತನಾಳಗಳಿವೆ, ನಮ್ಮನ್ನು ಕರೆಯಿರಿ.

ಬರದಂತೆ ತಡೆಯುವುದು ಸುಲಭ. ಪ್ರತಿ ತಿಂಗಳ ಮೊದಲ ಬಟವಾಡೆಯ ದಿನ ಎಲ್ಲ ಕರು, ಪಡ್ಡೆಗಳ ಕೊರಳಿಗೆ ನಾಲ್ಕು ಬೆರಳು ಹಾಕಿ ನೋಡಿ. ಹೋಗದಿದ್ದರೆ ಅಂದೇ ಕುಣಿಕೆ ಬಿಚ್ಚಿ ದೊಡ್ಡದು ಮಾಡಿ. ಮೂಗುದಾರ ಹಾಕಿದ್ದರೆ ಅದನ್ನೂ ಅದೇ ದಿನ ನೋಡಿ. ಮೂಗುದಾರಕ್ಕೆ ಹಗ್ಗ ಹಾಕಿ ಗೂಟಕ್ಕೆ ಕಟ್ಟುವುದು ಬೇಡ. ಬೆದರಿ ಎಳೆದರೆ ಮೂಗೇ ಹರಿದುಹೋಗುತ್ತದೆ.

ಹಾಲು ಕರೆಯುವಾಗ ಕಾಲುಗಣ್ಣಿ

ಒದೆಯುವ ಹಸುವಿನ ಕಾಲು ಕಟ್ಟುವ ಮೊದಲು ಯಾಕೆ ಒದೆಯುತ್ತಿದೆ ಎಂದು ನೋಡಿ. ತೊಟ್ಟು ಒಡೆದಿರಬಹುದು, ಕೆಚ್ಚಲು ಬಾವಿನ ನೋವಿರಬಹುದು, ನಿಮ್ಮ ಉಗುರು ತಾಗುತ್ತಿರಬಹುದು. ಹೆದರಿದ ಅಥವಾ ನೋವಾದ ಹಸುವಿನ ದೇಹದಲ್ಲಿ ಹಾಲು ಇಳಿಸುವ ಹಾರ್ಮೋನಿನ ಕೆಲಸಕ್ಕೆ ತಡೆ ಬೀಳುತ್ತದೆ. ಕಾಲು ಕಟ್ಟಿ ಬೈದು ಕರೆದರೆ ಹಾಲು ಕೆಚ್ಚಲಿನಲ್ಲೇ ಉಳಿಯುತ್ತದೆ.

ಕಟ್ಟಲೇಬೇಕಾದರೆ ಮೆತ್ತನೆಯ ಹತ್ತಿ ಹಗ್ಗ ಬಳಸಿ. ಹಿಂಗಾಲುಗಳ ಮಂಡಿ ಕೀಲಿನ ಮೇಲ್ಭಾಗದಲ್ಲಿ, ಒಂದು ಕಾಲಿನಿಂದ ಇನ್ನೊಂದಕ್ಕೆ ಕನ್ನಡದ ಎಂಟರಂತಲ್ಲ, ಇಂಗ್ಲಿಷಿನ ಎಂಟರಂತೆ ಅಡ್ಡ ಹಾಯಿಸಿ ಸುತ್ತಿ. ಕೊನೆಗೆ ಮಡಿಸಿದ ಕಿವಿಯ ಗಂಟು ಹಾಕಿ. ಬಿಚ್ಚಲಾಗದ ಗಂಟು ಹಾಕಿದರೆ, ಹಸು ಬೆದರಿ ಜಾರಿದಾಗ ಎರಡು ಕಾಲೂ ಒಟ್ಟಿಗೆ ಕಟ್ಟಿಕೊಂಡು ಬೀಳುತ್ತದೆ. ಸೊಂಟದ ಕೀಲು ತಪ್ಪಿದರೆ ಮತ್ತೆ ನಿಲ್ಲಿಸುವುದು ಬಹಳ ಕಷ್ಟ. ನೆಲ ನುಣುಪಾಗಿದ್ದರೆ ಕಾಲು ಕಟ್ಟಲೇಬೇಡಿ, ಮೊದಲು ರಬ್ಬರ್ ಮ್ಯಾಟ್ ಹಾಸಿ.

ಲಸಿಕೆ, ಚಿಕಿತ್ಸೆ ಸಮಯದಲ್ಲಿ

ಆರು ತಿಂಗಳಿಗೊಮ್ಮೆ ಕಾಲುಬಾಯಿ ಜ್ವರದ ಲಸಿಕೆಗೆ ನಾವು ಬಂದಾಗ ಹಸು ಹಿಡಿಯುವವರು ಹೆಚ್ಚಾಗಿ ನೀವೇ. ಆಗ ಕೊರಳಿನ ಹಗ್ಗ ಎಳೆದು ಹಿಡಿಯುವ ಬದಲು ಮುಖಕ್ಕೆ ಹಗ್ಗ ಹಾಕಿ. ಕೊರಳಿನಲ್ಲಿ ನಿಲ್ಲುವ ಕುಣಿಕೆ ಇದ್ದರೆ ಇದು ಅರ್ಧ ನಿಮಿಷದ ಕೆಲಸ. ಉದ್ದದ ಹಗ್ಗವನ್ನು ಮಡಿಸಿ, ಆ ಮಡಿಕೆಯನ್ನು ಕೊರಳಿನ ಕುಣಿಕೆಯೊಳಗಿಂದ ಮುಂದಕ್ಕೆ ತೆಗೆದು, ಮೂತಿಯ ಮೇಲೆ ತೊಡಿಸಿ. ಮೂಗಿನ ಹೊಳ್ಳೆಗಿಂತ ಸಾಕಷ್ಟು ಮೇಲೆ, ಮೂಳೆ ಇರುವ ಭಾಗದಲ್ಲಿ ಕೂರಬೇಕು. ಈಗ ಎಳೆದರೆ ಉಸಿರು ಕಟ್ಟುವುದಿಲ್ಲ, ತಲೆ ನಿಮ್ಮ ಕಡೆ ತಿರುಗುತ್ತದೆ. ತಲೆ ಹಿಡಿತದಲ್ಲಿದ್ದರೆ ಹಸು ಹಿಡಿತದಲ್ಲಿದ್ದಂತೆ. ಕೆಲಸ ಮುಗಿದ ಕೂಡಲೇ ಮುಖದ ಹಗ್ಗ ತೆಗೆದುಬಿಡಿ.

ನಿಮ್ಮ ಕೈಯ ಬಗ್ಗೆಯೂ ಒಂದು ಮಾತು. ಹಗ್ಗವನ್ನು ಅಂಗೈಗೆ, ಮಣಿಕಟ್ಟಿಗೆ, ಸೊಂಟಕ್ಕೆ ಸುತ್ತಿಕೊಳ್ಳಬೇಡಿ. ಹಸು ಬೆದರಿ ಓಡಿದರೆ ನಿಮ್ಮನ್ನು ಎಳೆದುಕೊಂಡೇ ಹೋಗುತ್ತದೆ. ಬೆರಳು ಕಳೆದುಕೊಂಡವರಿದ್ದಾರೆ. ಹಗ್ಗವನ್ನು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿಯಿರಿ, ಬೇಕೆಂದಾಗ ಬಿಟ್ಟುಬಿಡುವಂತಿರಲಿ. ಸೆರಗು ಸಿಕ್ಕಿಸಿಕೊಳ್ಳಿ.

ಕರು ಹಾಕುವಾಗ ಹಗ್ಗ

ಕೊರಳಿಗೆ ಬೇಡವೆಂದ ಜೀರುಕುಣಿಕೆಗೆ ಕೆಲಸವಿರುವುದು ಇಲ್ಲಿ. ಆದರೆ ಹಗ್ಗ ಹಾಕುವುದಕ್ಕೆ ಮೊದಲು ತಿಳಿಯಬೇಕಾದ್ದು ಬಹಳವಿದೆ.

ನೀರಿನ ಚೀಲ ಒಡೆದು ಒಂದು ಗಂಟೆಯಾದರೂ ಕರು ಮುಂದಕ್ಕೆ ಬಾರದಿದ್ದರೆ ಪಶುವೈದ್ಯರಿಗೆ ಫೋನ್ ಮಾಡಿ. ಎರಡು ಮುಂಗಾಲು, ಅವುಗಳ ಮೇಲೆ ಮೂತಿ ಇಟ್ಟುಕೊಂಡು ಬಂದರೆ ಸರಿಯಾದ ಭಂಗಿ. ಕಂಡ ಕಾಲು ಮುಂಗಾಲೋ ಹಿಂಗಾಲೋ ತಿಳಿಯಲು ಹೀಗೆ ನೋಡಿ: ಗೊರಸಿನ ಮೇಲಿನ ಕೀಲು ಮತ್ತು ಅದರ ಮುಂದಿನ ಕೀಲು ಎರಡೂ ಒಂದೇ ಕಡೆ ಮಡಚಿದರೆ ಮುಂಗಾಲು, ಒಂದಕ್ಕೊಂದು ವಿರುದ್ಧವಾಗಿ ಮಡಚಿದರೆ ಹಿಂಗಾಲು. ಒಂದೇ ಕಾಲು ಬಂದಿದ್ದರೆ, ತಲೆ ಸಿಗದಿದ್ದರೆ, ಬಾಲ ಮಾತ್ರ ಸಿಕ್ಕಿದರೆ ಎಳೆಯಲೇಬಾರದು. ವೈದ್ಯರು ಬರುವವರೆಗೆ ಕಾಯಬೇಕು.

ವೈದ್ಯರು ಫೋನಿನಲ್ಲಿ ಎಳೆಯಲು ಹೇಳಿದರೆ ಮಾತ್ರ:

• ಕಿರುಬೆರಳಿನ ದಪ್ಪದ ಹತ್ತಿ ಹಗ್ಗವನ್ನು 15-20 ನಿಮಿಷ ಕುದಿಸಿ. ಗೂಟದ ಹಗ್ಗ ಬೇಡವೇ ಬೇಡ. ಕೈಗವಸು ಹಾಕಿಕೊಳ್ಳಿ. ಕಂದುರೋಗದ ಸೋಂಕು ಮನುಷ್ಯರಿಗೂ ತಗಲುತ್ತದೆ.

• ಮೊದಲ ಕುಣಿಕೆ ಗೊರಸಿನ ಮೇಲಿನ ಕೀಲಿಗಿಂತ ಮೇಲೆ ಬರಲಿ. ಅದೇ ಹಗ್ಗದಿಂದ ಕೀಲಿನ ಕೆಳಗೆ, ಗೊರಸಿನ ಮೇಲೆ ಇನ್ನೊಂದು ಸುತ್ತು ಹಾಕಿ. ಎರಡು ಕಡೆ ಹಿಡಿದರೆ ಎಳೆತ ಹಂಚಿಹೋಗುತ್ತದೆ. ಒಂದೇ ಕುಣಿಕೆ ಹಾಕಿದರೆ ಎಲ್ಲ ಭಾರ ಒಂದೇ ಕಡೆ ಬಿದ್ದು ಕರುವಿನ ಕಾಲು ಮುರಿಯಬಹುದು.

• ಎರಡು ಕಾಲಿಗೆ ಬೇರೆ ಬೇರೆ ಹಗ್ಗ. ಒಂದು ಕಾಲು ಸ್ವಲ್ಪ, ಇನ್ನೊಂದು ಸ್ವಲ್ಪ ಎಂದು ಸರದಿಯಲ್ಲಿ ಎಳೆಯಿರಿ.

• ಹಸು ಮುಕ್ಕಿದಾಗ ಎಳೆಯಿರಿ, ಅದು ಸುಮ್ಮನಾದಾಗ ನೀವೂ ನಿಲ್ಲಿಸಿ. ತಲೆ ಹೊರಬಂದ ಮೇಲೆ ಎಳೆತ ಹಸುವಿನ ಹಿಂಗಾಲಿನ ಕಡೆಗೆ, ಕೆಳಮುಖವಾಗಿರಲಿ.

• ಇಬ್ಬರ ಕೈಬಲಕ್ಕೆ ಬಾರದ ಕರುವನ್ನು ನಾಲ್ಕು ಜನ ಸೇರಿ ಎಳೆಯಬಾರದು. ಟ್ರ್ಯಾಕ್ಟರ್, ಬೈಕ್‌ಗೆ ಕಟ್ಟಿ ಎಳೆಯುವುದಂತೂ ಕೊಲೆಗೆ ಸಮ. ಗರ್ಭಕೋಶ ಹರಿಯುತ್ತದೆ, ಸೊಂಟದ ನರ ಜಜ್ಜಿ ಹಸು ಮತ್ತೆ ಏಳದೆ ಹೋಗಬಹುದು.

ಬಿದ್ದ ಹಸುವನ್ನು ಎಳೆಯುವುದು

ಕರು ಹಾಕಿದ ಮೂರು ದಿನದೊಳಗೆ ಹಸು ಬಿದ್ದು ಏಳದಿದ್ದರೆ ಹೆಚ್ಚಾಗಿ ಅದು ಹಾಲು ಜ್ವರ, ಅಂದರೆ ಸುಣ್ಣದ ಅಂಶದ ಕೊರತೆ. ಅದಕ್ಕೆ ಹಗ್ಗವಲ್ಲ, ಇಂಜೆಕ್ಷನ್ ಬೇಕು. ಕೊಂಬು, ಬಾಲ ಹಿಡಿದು ಎತ್ತಬೇಡಿ. ಎದೆಯ ಮೇಲೆ ಕೂರುವಂತೆ ಮಾಡಿ, ಪಕ್ಕಕ್ಕೆ ಹುಲ್ಲಿನ ಮೂಟೆ ಒತ್ತು ಕೊಡಿ, ಮೂರು-ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿ.

ಬಿಸಿಲಿನಿಂದ ನೆರಳಿಗೆ ಸಾಗಿಸಬೇಕಾದರೆ ಕೊರಳಿಗೂ ಕಾಲಿಗೂ ಹಗ್ಗ ಹಾಕಿ ಎಳೆಯಬೇಡಿ. ದಪ್ಪ ಟಾರ್ಪಾಲು ಅಥವಾ ಹಳೆಯ ಬಾಗಿಲಿನ ಮೇಲೆ ಉರುಳಿಸಿ, ಅದನ್ನು ಎಳೆಯಿರಿ. ಹಳ್ಳಕ್ಕೋ ಗುಂಡಿಗೋ ಬಿದ್ದಿದ್ದರೆ ಅಗ್ನಿಶಾಮಕದವರಿಗೆ 101 ಅಥವಾ 112ಕ್ಕೆ, ಪಶು ಚಿಕಿತ್ಸೆಗೆ 1962ಕ್ಕೆ ಕರೆ ಮಾಡಿ. ಜೆಸಿಬಿಯಿಂದ ಎತ್ತುವುದಾದರೆ ತೆಳು ಹಗ್ಗ ಬೇಡ. ಒಂದು ಗೇಣಾದರೂ ಅಗಲದ ಪಟ್ಟಿ ಎರಡು ಕಡೆ ಬರಬೇಕು: ಒಂದು ಮುಂಗಾಲಿನ ಹಿಂದೆ ಎದೆಗೆ, ಇನ್ನೊಂದು ಕೆಚ್ಚಲಿನ ಮುಂದೆ. ಕೆಚ್ಚಲಿನ ಮೇಲೆ ಪಟ್ಟಿ ಬರಬಾರದು. ಮುಖದ ಹಗ್ಗ ದಾರಿ ತೋರಿಸುವುದಕ್ಕೆ ಮಾತ್ರ, ಭಾರ ಎತ್ತುವುದಕ್ಕಲ್ಲ.

ಗಾಡಿಯಲ್ಲಿ ಸಾಗಿಸುವಾಗ

ಸಂತೆಯಿಂದ ಹಸು ತರುವಾಗ ನೆಲಕ್ಕೆ ನಾರಿನ ಚಾಪೆ ಅಥವಾ ಹಲಗೆ ಹಾಸಿ. 1978ರ ಪ್ರಾಣಿ ಸಾಗಣೆ ನಿಯಮಗಳ ಪ್ರಕಾರ ಒಂದು ಸರಕು ಗಾಡಿಯಲ್ಲಿ 6ಕ್ಕಿಂತ ಹೆಚ್ಚು ದನ ಹಾಕುವಂತಿಲ್ಲ, ಜೊತೆಗೆ ಬೇರೆ ಸರಕು ತುಂಬುವಂತಿಲ್ಲ. ಪ್ರಯಾಣಕ್ಕೆ ಯೋಗ್ಯ ಎಂದು ಪಶುವೈದ್ಯರ ಪ್ರಮಾಣಪತ್ರವೂ ಬೇಕು. ಹಸುವಿನ ಮುಖ ಇಂಜಿನ್ ಕಡೆಗಿದ್ದರೆ ಗಾಬರಿ ಕಡಿಮೆ. ಮೂಗುದಾರಕ್ಕೆ ಕಟ್ಟಬೇಡಿ. ಕೊರಳಿಗೆ ನಿಲ್ಲುವ ಕುಣಿಕೆ, ಗಾಡಿಯ ಕಂಬಿಗೆ ಎಳೆದರೆ ಬಿಚ್ಚುವ ಗಂಟು. ಬಾಲದ ತುದಿ ಗಾಡಿಯ ಹೊರಗಿನಿಂದ ಕೈಗೆ ಸಿಗುವಂತಿರಲಿ. ಹಸು ಒಳಗೆ ಬಿದ್ದರೆ, ಒಳಗೆ ಹತ್ತದೆಯೇ ಬಿಚ್ಚಬಹುದು.

ಹಾಲಿನ ಗಾಡಿ ಕೆಸರಿನಲ್ಲಿ ಸಿಕ್ಕಿಕೊಂಡರೆ

ಮಳೆಗಾಲದಲ್ಲಿ ಹಾಲು ಸಾಗಿಸುವ ಟೆಂಪೋ ಹೂತುಕೊಂಡಾಗ ಊರವರು ಮೊದಲು ಓಡುವುದು ಯಾರದೋ ಕೊಟ್ಟಿಗೆಯ ಹಗ್ಗಕ್ಕೆ. ದಯವಿಟ್ಟು ಕೊಡಬೇಡಿ. ಗಂಜಳದಲ್ಲಿ ನೆನೆದ ಹಗ್ಗ ಗಾಡಿಯ ಭಾರ ತಡೆಯುವುದಿಲ್ಲ. ನೈಲಾನ್ ಆದರೆ ರಬ್ಬರಿನಂತೆ ಹಿಗ್ಗಿ, ಕಿತ್ತಾಗ ಚಾಟಿಯಂತೆ ಹಿಂದಕ್ಕೆ ಹೊಡೆಯುತ್ತದೆ. ನೋಡುತ್ತಾ ನಿಂತವರ ಕಣ್ಣು ಹೋಗಬಹುದು, ಪ್ರಾಣವೂ ಹೋಗಬಹುದು.

ಗಾಡಿ ಎಳೆಯಲೆಂದೇ ಇರುವ ದಪ್ಪ ಹಗ್ಗ ಅಥವಾ ಪಟ್ಟಿಯೇ ಬೇಕು. ಅದನ್ನು ಗಾಡಿಯ ಚಾಸಿಗೆ ಜೋಡಿಸಿದ ಎಳೆಯುವ ಕೊಕ್ಕೆಗೇ ಹಾಕಬೇಕು. ಬಂಪರಿಗೆ, ಸ್ಟೇರಿಂಗ್ ರಾಡಿಗೆ ಕಟ್ಟಿದರೆ ಅದೇ ಕಿತ್ತು ಬರುತ್ತದೆ. ಹಗ್ಗದ ತುದಿಗೆ ನೀವು ಕಲಿತ ನಿಲ್ಲುವ ಕುಣಿಕೆಯೇ ಸರಿ. ಜೀರುಕುಣಿಕೆ ಹಾಕಿದರೆ ಎಳೆತಕ್ಕೆ ಕಚ್ಚಿಕೊಂಡು ಆಮೇಲೆ ಕೊಯ್ಯಬೇಕಾಗುತ್ತದೆ. ಟ್ರ್ಯಾಕ್ಟರ್ ಮೊದಲು ನಿಧಾನವಾಗಿ ಸರಿದು ಹಗ್ಗ ಬಿಗಿಯಾಗಲಿ, ಆಮೇಲೆ ಎಳೆಯಲಿ. ಒಮ್ಮೆಲೇ ಜಗ್ಗಬಾರದು. ಎಳೆಯುವ ಹೊತ್ತಿಗೆ ಹಗ್ಗದ ಉದ್ದಕ್ಕಿಂತ ಹೆಚ್ಚು ದೂರ ಎಲ್ಲರೂ ಸರಿದು ನಿಲ್ಲಬೇಕು. ಯಾರೂ ಹಗ್ಗ ದಾಟಬಾರದು. ಕ್ಯಾನ್ ಹಿಡಿದು ನಿಂತ ನೀವೂ, ಜೊತೆಗೆ ಬಂದ ಮಕ್ಕಳೂ ಡೇರಿಯ ಒಳಗಿರುವುದು ಒಳ್ಳೆಯದು.

ಕೆಟ್ಟುನಿಂತ ಗಾಡಿಯನ್ನು ರಸ್ತೆಯಲ್ಲಿ ಎಳೆದುಕೊಂಡು ಹೋಗುವಾಗ ಎರಡು ಗಾಡಿಗಳ ನಡುವೆ 5 ಮೀಟರಿಗಿಂತ ಹೆಚ್ಚು ಅಂತರ ಇರಬಾರದು. ಹಗ್ಗದ ನಡುವೆ ಕೆಂಪು ಬಟ್ಟೆ ಕಟ್ಟಿ. ಬೈಕಿನವರಿಗೆ ಹಗ್ಗ ಕಾಣುವುದಿಲ್ಲ. ಇಂಜಿನ್ ಬಂದಾದ ಗಾಡಿಯ ಬ್ರೇಕ್, ಸ್ಟೇರಿಂಗ್ ಭಾರವಾಗಿರುತ್ತವೆ ಎಂಬುದು ಅದರಲ್ಲಿ ಕೂತವರಿಗೆ ನೆನಪಿರಲಿ.

ಗೋಡೆಗೆ ಅಂಟಿಸಿಕೊಳ್ಳಿ

1. ಕೊರಳಿಗೆ ನಿಲ್ಲುವ ಕುಣಿಕೆ. ಗೂಟಕ್ಕೆ ಎಳೆದರೆ ಬಿಚ್ಚುವ ಗಂಟು.

2. ಕೊರಳಿನಲ್ಲಿ ನಾಲ್ಕು ಬೆರಳು ಜಾಗ. ಪಡ್ಡೆ, ಕರುಗಳಿಗೆ ತಿಂಗಳಿಗೊಮ್ಮೆ ಪರೀಕ್ಷೆ.

3. ಮಲಗಿದಾಗ ಗಲ್ಲ ನೆಲಕ್ಕೆ ತಾಗುವಷ್ಟು ಹಗ್ಗ.

4. ಕೈಗೆ, ಸೊಂಟಕ್ಕೆ ಹಗ್ಗ ಸುತ್ತಿಕೊಳ್ಳಬಾರದು.

5. ಕರುವನ್ನು ಯಂತ್ರದಿಂದ ಎಳೆಯಬಾರದು.

6. ಕೊಟ್ಟಿಗೆಯ ಹೊರಗೆ ಕುಡುಗೋಲು, ಮನೆಯವರ ಫೋನಿನಲ್ಲಿ 1962.

ಮುಂದಿನ ಸಲ ನಿಮ್ಮ ಸಂಘಕ್ಕೆ ಶಿಬಿರಕ್ಕೆ ಬಂದಾಗ ಒಬ್ಬೊಬ್ಬರೂ ಒಂದು ತುಂಡು ಹಗ್ಗ ತನ್ನಿ. ಎರಡು ಗಂಟನ್ನೂ ನಿಮ್ಮ ಕೈಯಿಂದಲೇ ಹಾಕಿಸುತ್ತೇನೆ. ಮೊದಲು ಕಲಿತವರು ಪಕ್ಕದವರಿಗೆ ಕಲಿಸಿ. ಅಲ್ಲಿಯವರೆಗೆ ಕಾಯದೆ, ಇವತ್ತು ಸಂಜೆ ಹಾಲು ಕರೆಯುವ ಮುಂಚೆಯೇ ಒಂದೊಂದು ಹಸುವಿನ ಕೊರಳೂ ನೋಡಿ. ಜೀರುಕುಣಿಕೆ ಕಂಡರೆ ಬಿಚ್ಚಿ ಬೇರೆ ಹಾಕಿ, ಆಮೇಲೆ ಹಾಲಿಗೆ ಕೂರಿ.